ಎರೆಯ ನಾಡಿನ ಕೋಟೆದಾರಿ

ಕಳೆದ ಪುಷ್ಯಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸ್ವಿಟ್ಜರ್ಲೆಂಡಿನಿಂದ ಫೋನು ಮಾಡಿದ್ದನು. ಅವನು ರೋಣದ ಕಡೆಯವನು. ನೌಕರಿಯ ನಿಮಿತ್ತ ಅಲ್ಲಿ ನೆಲಸಿದ್ದಾನೆ. ಕುಶಲಪ್ರಶ್ನೆಗಳು ಮುಗಿದ ಮೇಲೆ ನಗುತ್ತ ಹೇಳಿದನು: "ಸರ್ರ, ಇಲ್ಲಿ ಮುಂಜಾನೆ ಎದ್ದ ಕೂಡ್ಲೆ ಮಂದಿ ಕೇಳೂದು ಮೂರ ಮಾತು. ಗುಡ್ಡದ ಮ್ಯಾಲೆ ಹಿಮ ಎಷ್ಟು ಬಿದ್ದೈತಿ, ಮ್ಯಾಲೆ ಒಯ್ಯೋ ತೂಗುಕುರ್ಚಿ ನಡದಾವೋ ಇಲ್ಲೋ, ರೈಲು ಹೊತ್ತಿಗೆ ಸರಿಯಾಗಿ ಬರ್ತೈತೋ ಇಲ್ಲೋ. ನಮ್ಮ ಕಡೆ ಇಂಥಾದ್ದೇನರ ಇತ್ತೇನ್ರಿ?"

ಅವನು ಚೇಷ್ಟೆಗೆ ಕೇಳಿದ್ದನು. ನಾನು, "ಇತ್ತಪಾ, ಬರೋಬ್ಬರಿ ಇದೇ ಮೂರು ಮಾತು ಇದ್ದವು. ಆದರ ಆಟಕ್ಕಲ್ಲ, ಜೀವಕ್ಕ" ಎಂದೆನು. ಫೋನಿನಲ್ಲಿ ಅಷ್ಟೇ ಹೇಳಲಿಕ್ಕಾಯಿತು. ಉಳಿದುದನ್ನು, ವಾಚಕರೇ, ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ದೂರದ ಬೆಟ್ಟಗಳ ಮಾತನ್ನು ತುಸು ತಿಳಿದುಕೊಳ್ಳೋಣ. ಆಲ್ಪ್ಸ್ ಪರ್ವತದ ಹಳ್ಳಿಗಳು ಒಂದು ಕಾಲಕ್ಕೆ ಬಡ ಹಳ್ಳಿಗಳು. ಬೇಸಿಗೆಯಲ್ಲಿ ದನ ಮೇಯಿಸುವುದು, ಹುಲ್ಲು ಕೂಡಿಸುವುದು, ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂಡುವುದು. 1864ರ ಸುಮಾರಿಗೆ ಸೇಂಟ್ ಮೊರಿಟ್ಸ್ ಎಂಬ ಊರಿನ ಹೊಟೇಲಿನ ಯಜಮಾನನು ಬೇಸಿಗೆಗೆ ಬಂದ ಇಂಗ್ಲಿಷ್ ಅತಿಥಿಗಳನ್ನು ಚಳಿಗಾಲದಲ್ಲಿಯೂ ಬಂದು ನೋಡಿರೆಂದು ಪಣತೊಟ್ಟು ಕರೆದನೆಂದು ಕಥೆಯಿದೆ. ಅಲ್ಲಿಂದ ಚಳಿಗಾಲದ ಪ್ರವಾಸ ಬೆಳೆಯಿತು. ಕಾಲಿಗೆ ಉದ್ದನ್ನ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟವು ಅದರ ಜೊತೆಗೆ ಬೆಳೆಯಿತು. 1890ರಲ್ಲಿ ದಾವೋಸ್ ಊರಿಗೆ ರೈಲು ಬಂದಿತು. 1896ರಲ್ಲಿ ಆರಂಭಿಸಿ 16 ವರ್ಷ ಬಂಡೆ ಕೊರೆದು, 1912ರಲ್ಲಿ ಯುಂಗ್‌ಫ್ರಾವ್ ಶಿಖರದ ಹೆಗಲಿನ ವರೆಗೆ, ಅಂದರೆ 3454 ಮೀಟರ್ ಎತ್ತರಕ್ಕೆ, ರೈಲು ಒಯ್ದರು.

ಆದರೆ ಜಾರುವುದು ಒಂದು ಗಳಿಗೆಯ ಕೆಲಸ. ಅದಕ್ಕಾಗಿ ಹತ್ತುವುದು ಅರ್ಧ ದಿನದ ಕೆಲಸ. ಈ ಕಷ್ಟವನ್ನು ಕಳೆದದ್ದು ಹಗ್ಗ ಮತ್ತು ರಾಟೆ. 1908ರಲ್ಲಿ ಜರ್ಮನಿಯ ಕಪ್ಪು ಕಾಡಿನ ಸೀಮೆಯಲ್ಲಿ ಒಬ್ಬನು ನೀರಿನ ಚಕ್ರದ ಬಲದಿಂದ ಹಗ್ಗವನ್ನು ಸುತ್ತಿಸಿ ಜನರನ್ನು ಮೇಲಕ್ಕೆ ಎಳೆಯಿಸಿದನು. 1934ರಲ್ಲಿ ದಾವೋಸಿನಲ್ಲಿ ಸುಧಾರಿಸಿದ ಎಳೆಯುವ ಯಂತ್ರ ಬಂದಿತು. 1936ರಲ್ಲಿ ಅಮೆರಿಕದ ಸನ್ ವ್ಯಾಲಿ ಎಂಬಲ್ಲಿ ರೈಲ್ವೆ ಕಂಪನಿಯ ಇಂಜಿನಿಯರನೊಬ್ಬನು ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರವನ್ನು ಕಂಡು, ಗೊನೆಯ ಕೊಕ್ಕೆಯ ಬದಲು ಕುರ್ಚಿಯನ್ನು ತೂಗಹಾಕಿದನು. ಇದೇ ಮೊದಲ ತೂಗುಕುರ್ಚಿಯ ದಾರಿ. ನಮ್ಮ ಬಾವಿಯ ಮೇಲಿನ ಗಡಗಡಿಯನ್ನು ನೆನೆಯಿರಿ: ಒಂದು ಕೊಡ ಇಳಿಯುವಾಗ ಇನ್ನೊಂದು ಏರುತ್ತದೆ. ಬೆಟ್ಟದ ಬುಡದಲ್ಲೊಂದು, ತಲೆಯಲ್ಲೊಂದು ದೊಡ್ಡ ಗಾಲಿ, ನಡುವೆ ತುದಿಯಿಲ್ಲದ ಉಕ್ಕಿನ ಹಗ್ಗ; ತತ್ತ್ವ ಅಷ್ಟೇ.

ಹೀಗೆ ಹಿಮ, ಏರುವ ಸಾಧನ, ದಾರಿ ಎಂಬ ಮೂರು ಕೊಂಡಿಗಳು ಕೂಡಿದಾಗ ಆ ಬೆಟ್ಟ ಬದುಕುತ್ತದೆ. ಒಂದು ಕಳಚಿದರೂ ಉಳಿದೆರಡು ವ್ಯರ್ಥ. ಈಗ ಲೋಕವೆಲ್ಲ ಬಿಸಿಯಾಗುತ್ತಿರಲು ತಗ್ಗಿನ ಬೆಟ್ಟಗಳಲ್ಲಿ ಹಿಮವೇ ನಿಲ್ಲದೆ, ಯಂತ್ರಗಳಿಂದ ಕೃತಕ ಹಿಮವನ್ನು ಉಗುಳಿಸುವ ಕಾಲ ಬಂದಿದೆ. ಹಗ್ಗ ಇದೆ, ರೈಲು ಇದೆ. ಹಿಮವಿಲ್ಲದಿದ್ದರೆ ಕುರ್ಚಿ ಬರಿದೇ ತೂಗುತ್ತದೆ. ಈ ಮೂರು ಕೊಂಡಿಗಳ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿಗೆ ಬನ್ನಿರಿ.

ನಮ್ಮ ಹಿಮವು ಬೆಳ್ಳಗಿಲ್ಲ, ಕಪ್ಪಗಿದೆ. ಅದಕ್ಕೆ ಎರೆ ಎಂದು ಹೆಸರು. ರೋಣ, ನರಗುಂದ, ನವಲಗುಂದಗಳ ಬಯಲು ಬಹುಭಾಗ ಎರೆಭೂಮಿ. ಮಲಪ್ರಭೆ ಮತ್ತು ಬೆಣ್ಣಿಹಳ್ಳಗಳ ನಡುವಿನ ಈ ಮಣ್ಣು ಬೇಸಿಗೆಯಲ್ಲಿ ಬಿರಿದು, ಕೈ ಹೋಗುವಷ್ಟು ಸೀಳು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಬಿಳಿಜೋಳ, ಹತ್ತಿ, ಕಡಲೆ, ಗೋದಿಗಳಿಗೆ ಇದು ತಾಯಿ. ಹಿಂಗಾರಿ ಪೈರು ಈ ಮಣ್ಣು ಹಿಡಿದಿಟ್ಟ ಹಸಿಯಿಂದಲೇ ಬೆಳೆಯುತ್ತದೆ. ಆದರೆ ದಾರಿಗನಿಗೆ ಮಾತ್ರ ಇದು ಮಲತಾಯಿ. ಮಳೆಗಾಲದಲ್ಲಿ ಎರೆಹೊಲ ದಾಟಿದವರಿಗೆ ನಾನು ವರ್ಣಿಸಬೇಕಾದುದಿಲ್ಲ. ಹತ್ತು ಹೆಜ್ಜೆಗೆ ಕಾಲಿಗೆ ಸೇರು ಮಣ್ಣು, ಇಪ್ಪತ್ತು ಹೆಜ್ಜೆಗೆ ಅಡಸೇರು ಹೆಚ್ಚು. ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು. ಚಕ್ಕಡಿಯ ಗಾಲಿಗೆ ಮಣ್ಣು ಸುತ್ತಿಕೊಂಡು ಅರೆ ಕಾಣದಂತಾಗಿ, ಗಾಲಿಯು ಗಾಣದ ಕಲ್ಲಿನಂತೆ ಆಗುತ್ತದೆ. ಎತ್ತು ಮೊಣಕಾಲೂರಿ ನಿಲ್ಲುತ್ತದೆ. ಮೇಲಾಗಿ ಎರೆಸೀಮೆಯಲ್ಲಿ ಕಲ್ಲು ವಿರಳ; ದಾರಿಗೆ ಹಾಕಲು ಗರಸು ಬೇಕಾದರೆ ಮೈಲುಗಟ್ಟಲೆ ದೂರದಿಂದ ತರಬೇಕು.

ಆದುದರಿಂದ ನಮ್ಮ ಹಿರಿಯರು ಪ್ರಯಾಣವನ್ನು ಪಂಚಾಂಗ ನೋಡಿ ಗೊತ್ತು ಮಾಡುತ್ತಿದ್ದರು. ಇದು ಬರಿಯ ಶಕುನದ ಮಾತಲ್ಲ. ಮಿರಗದಿಂದ ಹಸ್ತ, ಚಿತ್ತೆಗಳ ವರೆಗೆ ದಾರಿ ಮುಚ್ಚಿತು; ವಿಜಯದಶಮಿಗೆ ತೆರೆಯಿತು. ಅರಸರು ಬನ್ನಿ ಮುಡಿದು ಸೀಮೋಲ್ಲಂಘನ ಮಾಡುವ ಸಂಪ್ರದಾಯದ ಬೇರು ಇಲ್ಲಿದೆ: ದೇವಿಯ ಅಪ್ಪಣೆಯೂ ಹೌದು, ಒಣಗಿದ ಮಣ್ಣಿನ ಅಪ್ಪಣೆಯೂ ಹೌದು. ತೋಪಿನ ಗಾಲಿ ಹೂಳದಷ್ಟು ನೆಲ ಗಟ್ಟಿಯಾದ ಮೇಲೆಯೇ ದಂಡು ಹೊರಡುತ್ತಿದ್ದಿತು. ದವಸ ಹೊರುವ ಕೆಲಸವನ್ನು ಲಂಬಾಣಿಗರ ಹೇರೆತ್ತುಗಳು ಮಾಡುತ್ತಿದ್ದವು. ಗಾಲಿ ಹೋಗದಲ್ಲಿ ಗೊರಸು ಹೋಗುತ್ತದೆ. ದಕ್ಖನದಲ್ಲಿ ಕಾದಾಡಿದ ಎಲ್ಲ ಪಕ್ಷದ ಸೈನ್ಯಗಳೂ ಈ ಹೇರಿನವರ ಉಪ್ಪು ಜೋಳಗಳನ್ನು ಉಂಡೇ ನಡೆದವು. 

ಇನ್ನು ಏರುವ ಸಾಧನ. ಈ ಸಮತಟ್ಟಾದ ಕಪ್ಪು ಬಯಲಿನಲ್ಲಿ ಒಮ್ಮೆಲೆ ಎದ್ದು ನಿಂತ ಗುಡ್ಡಗಳಲ್ಲಿ ನರಗುಂದದ್ದು ಒಂದು, ಗಜೇಂದ್ರಗಡದ್ದು ಇನ್ನೊಂದು. ನರಗುಂದದ ಕೋಟೆಯನ್ನು ಶಿವಾಜಿ ಮಹಾರಾಜರು 1674ರಲ್ಲಿ ಕಟ್ಟಿಸಿದರೆಂದು ಹೇಳುವರು. ಅದೇ ವರ್ಷ ಅವರಿಗೆ ರಾಯಗಡದಲ್ಲಿ ಪಟ್ಟಾಭಿಷೇಕವಾಯಿತು. ಮುಂದೆ ಅದು ಭಾವೆ ಮನೆತನಕ್ಕೆ ಸೇರಿತು. ಗಜೇಂದ್ರಗಡದ ಕೋಟೆಗೆ ಘೋರ್ಪಡೆಯವರ ಹೆಸರು ಕೂಡಿದೆ. ದೌಲತರಾವ್ ಘೋರ್ಪಡೆಯು 1688ರಲ್ಲಿ ಅದನ್ನು ಬಲಪಡಿಸಿದನೆನ್ನುತ್ತಾರೆ. ಅದೇ ಗುಡ್ಡದ ಒಡಲಲ್ಲಿ ಕಾಲಕಾಲೇಶ್ವರನ ಗುಡಿ. ಮೆಟ್ಟಲೇರಿ ಹೋದರೆ ಬಂಡೆಯ ಬಿರುಕಿನಿಂದ, ಮರದ ಬೇರಿನ ಬದಿಯಿಂದ ಅಂತರಗಂಗೆ ಇಳಿಯುತ್ತಾಳೆ. ಕಡುಬೇಸಿಗೆಯಲ್ಲಿಯೂ ಆ ಸೆಲೆ ನಿಂತುದಿಲ್ಲವೆಂದು ಭಕ್ತರ ಮಾತು. ಮರಳುಗಲ್ಲಿನ ಪದರುಗಳು ಮಳೆನೀರನ್ನು ಹೀರಿ ತಮ್ಮೊಳಗೆ ಇಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುತ್ತವೆಂದು ಭೂಶಾಸ್ತ್ರ. ಎರಡಕ್ಕೂ ವಿರೋಧವಿಲ್ಲ.

ನಮ್ಮ ನಾಡಿನ ತೂಗುಕುರ್ಚಿ ಎಂದರೆ ಮೆಟ್ಟಲು. ಮೈಸೂರಿನ ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಲು ಹಾಕಿಸಿದುದು ಪುಣ್ಯಕಾರ್ಯವೆಂದು ಇಂದಿಗೂ ಹೆಸರಾಗಿದೆ. ದೇವರ ಗುಡ್ಡಕ್ಕೂ ಕೋಟೆಯ ಗುಡ್ಡಕ್ಕೂ ಇಲ್ಲಿಯೇ ಭೇದ. ದೇವರ ಗುಡ್ಡದ ಮೆಟ್ಟಲು ಮುದುಕಿಯೂ ಏರಲೆಂದು ಹಾಕಿದ್ದು. ಕೋಟೆಯ ಮೆಟ್ಟಲು ಎಲ್ಲರೂ ಏರದಿರಲೆಂದು ಹಾಕಿದ್ದು. ಕೋಟೆದಾರಿ ಡೊಂಕಾಗಿರಬೇಕು, ತಿರುವಿನಲ್ಲಿ ಬಾಗಿಲಿರಬೇಕು, ಏರುವವನು ಮೇಲಿನವರ ಕಣ್ಣಿಗೆ ಬೀಳುತ್ತಲೇ ಏರಬೇಕು. ಆನೆ ಓಡಿಬಂದು ಬಾಗಿಲಿಗೆ ಹಾಯಲು ಎಡೆಯಿರಬಾರದು. ಹಾಗೆಂದು ತನ್ನ ತೋಪನ್ನೂ ನೀರಿನ ಕೊಡವನ್ನೂ ಜೋಳದ ಚೀಲವನ್ನೂ ಅದೇ ದಾರಿಯಿಂದ ಮೇಲಕ್ಕೆ ಒಯ್ಯಬೇಕು. ಒಬ್ಬರಿಗೆ ಕಠಿಣ, ಇನ್ನೊಬ್ಬರಿಗೆ ಸುಲಭ ಎಂಬ ದಾರಿಯನ್ನು ಯಾವ ಶಿಲ್ಪಿಯೂ ಕಟ್ಟಲಾರನು. ಕೋಟೆಯ ಬಲವೇ ಅದರ ಬಲಹೀನತೆ ಎಂಬ ಮಾತು ಇಲ್ಲಿ ಹುಟ್ಟುತ್ತದೆ.

ತೋಪು ಸಾಗಿಸುವುದೆಂದರೆ ಎಂಥ ಕಷ್ಟವೆಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. ವಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 17ನೆಯ ಶತಮಾನದಲ್ಲಿ ಪರಾಂಡೆಯಿಂದ ತರುವಾಗ 400 ಎತ್ತು, 10 ಆನೆ ಮತ್ತು ನೂರಾರು ಆಳುಗಳು ದುಡಿದರೆಂದು ಹೇಳುತ್ತಾರೆ. ಇತ್ತ ಅದೇ ಆಲ್ಪ್ಸ್ ಪರ್ವತದಲ್ಲಿ, 1800ರ ಮೇ ತಿಂಗಳಲ್ಲಿ, ನೆಪೋಲಿಯನ್ನನ ಸೈನ್ಯ ಹಿಮ ತುಂಬಿದ ಸೇಂಟ್ ಬರ್ನಾರ್ಡ್ ಕಣಿವೆಯನ್ನು ದಾಟಿತು. ಗಾಲಿಗಳು ಕೆಲಸಕ್ಕೆ ಬಾರವಾಗಲು ತೋಪುಗಳನ್ನು ಬಂಡಿಯಿಂದ ಬಿಚ್ಚಿ, ಒಳಗೆ ಕೊರೆದ ಮರದ ದಿಮ್ಮಿಗಳಲ್ಲಿ ಮಲಗಿಸಿ, ಒಂದೊಂದನ್ನು ನೂರು ಜನ ಹಗ್ಗ ಹಿಡಿದು ಎಳೆದರು. ಅಲ್ಲಿ ಹಿಮ, ಇಲ್ಲಿ ಎರೆ. ಗಾಲಿಯ ಗರ್ವಭಂಗ ಮಾತ್ರ ಎರಡು ಕಡೆಗೂ ಒಂದೇ.

ಈಗ ನರಗುಂದದ ಚರಿತ್ರೆಯನ್ನು ತಿಥಿ ಮಳೆಗಳ ಲೆಕ್ಕದಿಂದ ಓದಿ ನೋಡೋಣ.

1785ನೆಯ ಇಸವಿ. ಟೀಪು ಸುಲ್ತಾನನು ಹೆಚ್ಚಿನ ಕಪ್ಪ ಕೇಳಿದನು. ನರಗುಂದದ ವೆಂಕಟರಾವ್ ಭಾವೆಯೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ಒಪ್ಪಲಿಲ್ಲ. ವರ್ಷದ ಮೊದಲಲ್ಲಿಯೇ, ಎರೆ ಒಣಗಿದ್ದ ಕಾಲದಲ್ಲಿ, ಬುರ್ಹಾನುದ್ದೀನನ ಕೈಕೆಳಗೆ ಮೈಸೂರಿನ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ಹಾದಿ ಗಟ್ಟಿಯಾಗಿದ್ದಿತು, ತೋಪು ಬಂದವು. ಆದರೆ ಬೇಸಿಗೆಯಲ್ಲಿ ದಾರಿ ಕೊಡುವ ನೆಲ ನೀರು ಕೊಡುವುದಿಲ್ಲ. ಮುತ್ತಿಗೆಯ ದಂಡಿಗೇ ನೀರಿನ ಅಭಾವವಾಗಿ, ಅದು ಕೆಲಕಾಲ ಹಿಂದೆ ಸರಿಯಬೇಕಾಯಿತು. ಪರಶುರಾಮಭಾವು ಪಟವರ್ಧನನ ಮರಾಠಾ ಪಡೆ ಸಹಾಯಕ್ಕೆಂದು ಬಂದಿತು, ಆದರೆ ಕೊನೆಯ ವರೆಗೆ ನಿಲ್ಲಲಿಲ್ಲ. ಮುತ್ತಿಗೆ ಮತ್ತೆ ಬಿಗಿಯಾಯಿತು. ತಿಂಗಳುಗಟ್ಟಲೆ ತಡೆದ ಕೋಟೆ ಆ ವರ್ಷದ ಮಳೆಗಾಲದಲ್ಲಿ ಶರಣಾಯಿತು. ಕೊಟ್ಟ ಮಾತು ನಡೆಯಲಿಲ್ಲ; ಒಡೆಯನೂ ಕಾರಭಾರಿಯೂ ಸೆರೆಯಾಗಿ ಮೈಸೂರ ಸೀಮೆಗೆ ಹೋದರು. ಹೊರಗಿನವರನ್ನು ನೀರಿಲ್ಲದಿರುವುದು ಕೆಲಕಾಲ ತಡೆಯಿತು. ಒಳಗಿನವರನ್ನು ಸಹಾಯವಿಲ್ಲದಿರುವುದು ಕೆಡಿಸಿತು.

ಮರುವರ್ಷ, 1786ರ ಮೇ ತಿಂಗಳಲ್ಲಿ, ಮರಾಠರೂ ನಿಜಾಮನವರೂ ಕೂಡಿ ಬಾದಾಮಿಯನ್ನು ಗೆದ್ದರು. ಅದರ ಬೆನ್ನಿಗೇ ಗಜೇಂದ್ರಗಡವೂ ಮರಾಠರ ಕೈಸೇರಿತು. ಮಳೆಗೆ ಮುಂಚೆ ಮುಗಿಸಬೇಕೆಂಬ ಆತುರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ತುಂಗಭದ್ರೆ ತುಂಬಿ ಹರಿಯುತ್ತಾಳೆ, ದಾಟಿ ಬರುವರಾರು ಎಂದು ಅವರು ನಿಶ್ಚಿಂತರಾಗಿದ್ದರು. ಟೀಪುವು ಆ ಭರವಸೆಯನ್ನೇ ಮುರಿದನು. ಆಗಸ್ಟ್ ತಿಂಗಳ ತುಂಬಿದ ಹೊಳೆಯನ್ನು ಹರಿಗೋಲು ತೆಪ್ಪಗಳ ಮೇಲೆ ಸೈನ್ಯಸಮೇತ ದಾಟಿ ಈಚೆಗೆ ಬಂದನು. ಋತುವನ್ನು ನಂಬಿ ಕುಳಿತವರು ಋತುವನ್ನು ಮೀರಿದವನಿಗೆ ಬೆದರಿದ ಸಂದರ್ಭವಿದು. ಕೊನೆಗೆ 1787ರಲ್ಲಿ ಗಜೇಂದ್ರಗಡದ ಹೆಸರಿನಲ್ಲಿಯೇ ಒಪ್ಪಂದವಾಯಿತು. ಟೀಪುವು 48 ಲಕ್ಷ ರೂಪಾಯಿ ಕೊಡಲು ಒಪ್ಪಿದನು; ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರ ಕಡೆಗೆ ಬಂದವು. ಭಾರತದ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಈ ಒಪ್ಪಂದದ ಹೆಸರಿದೆ. ಆ ಹೆಸರಿನ ಊರು ರೋಣದಿಂದ ಒಂದು ತಾಸಿನ ಹಾದಿಯೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟಿದ್ದೇವೆಯೇ?

ಇಂಗ್ಲಿಷರು ಈ ಪಾಠವನ್ನು ಬೇಗ ಕಲಿತರು. 1818ರಲ್ಲಿ ಥಾಮಸ್ ಮನ್ರೋ ಈ ಸೀಮೆಯ ಕೋಟೆಗಳನ್ನು ಹಿಡಿದದ್ದು ಎರೆ ಒಣಗಿದ ತಿಂಗಳುಗಳಲ್ಲಿ. ಫೆಬ್ರವರಿಯಲ್ಲಿ ಬಾದಾಮಿ ಅವನ ವಶವಾಯಿತು. ನರಗುಂದದ ಭಾವೆಯವರು ಕಂಪನಿಯ ಆಶ್ರಿತ ಸಂಸ್ಥಾನಿಕರಾಗಿ ಉಳಿದರು. ಅಲ್ಲಿಂದ ನಾಲ್ವತ್ತು ವರ್ಷ ಗುಡ್ಡದ ಮೇಲೆ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

1858ರ ಕಥೆಯನ್ನು ನೀವೆಲ್ಲ ಬಲ್ಲಿರಿ. ಆದರೆ ಅದರಲ್ಲಿ ಎರೆಮಣ್ಣಿನ ಪಾತ್ರವನ್ನು ಗಮನಿಸಿದವರು ಕಡಿಮೆ. ಬಾಬಾಸಾಹೇಬನೆಂದು ಹೆಸರಾದ ಭಾಸ್ಕರರಾವ್ ಭಾವೆ ಆಗ ನರಗುಂದದ ಒಡೆಯ. ವಿದ್ಯಾವಂತ, ಅವನ ವಾಡೆಯಲ್ಲಿ ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವಿದ್ದಿತು. ಗಂಡುಸಂತಾನವಿಲ್ಲದೆ ದತ್ತಕಕ್ಕೆ ಅನುಮತಿ ಬೇಡಿದನು, ಸರಕಾರ ಕೊಡಲಿಲ್ಲ. ತನ್ನ ತರುವಾಯ ಸಂಸ್ಥಾನವೇ ಅಳಿಯುವುದೆಂಬ ಉರಿ ಒಂದು ಕಡೆಗೆ, ಆಯುಧ ಒಪ್ಪಿಸಿರೆಂಬ ಆಜ್ಞೆ ಇನ್ನೊಂದು ಕಡೆಗೆ. ತೋಪುಗಳನ್ನು ಧಾರವಾಡಕ್ಕೆ ಕಳುಹಿಸಬೇಕೆಂದು ಒತ್ತಾಯವಾಯಿತು. ಹೆಚ್ಚಿನವನ್ನು ಕಳುಹಿಸಿದನು. ಆದರೆ ಕೆಲವು ಭಾರಿ ತೋಪುಗಳು ನರಗುಂದದಲ್ಲಿಯೇ ಉಳಿದವು. ಮುಂಗಾರಿನ ಮೊದಲ ಮಳೆ ಬಿದ್ದು ಎರೆಯ ದಾರಿ ಕೆಟ್ಟಿದ್ದಿತು, ಅಂಥ ಭಾರ ಆ ಹಾದಿಯಲ್ಲಿ ಸಾಗುವಂತಿರಲಿಲ್ಲ.

ಇಲ್ಲಿ ತುಸು ನಿಲ್ಲಿರಿ. ಅದು ಮೇ ತಿಂಗಳ ಕೊನೆ, ರೋಹಿಣಿ ಮಳೆಯ ಕಾಲ. ರೋಹಿಣಿಯೆಂದರೆ ಅರೆ ಮಳೆ. ಹೊಲ ಬಿತ್ತಲಿಕ್ಕೆ ಸಾಲದು, ಹಾದಿ ಕೆಡಿಸಲಿಕ್ಕೆ ಸಾಕು. ಒಂದು ತಿಂಗಳು ಹಿಂದಾಗಿದ್ದರೆ ನೆಲ ಒಣಗಿರುತ್ತಿದ್ದಿತು. ತೋಪುಗಳೆಲ್ಲ ಧಾರವಾಡ ಸೇರುತ್ತಿದ್ದವು, ಬಹುಶಃ ಬಂಡಾಯವೇ ಆಗುತ್ತಿರಲಿಲ್ಲ. ಒಂದು ತಿಂಗಳು ಮುಂದಾಗಿದ್ದರೆ ಬಯಲೆಲ್ಲ ಕೆಸರಾಗಿ, ಧಾರವಾಡದ ಕಡೆಯಿಂದ ಪಡೆ ಬರುವುದೇ ದುಸ್ತರವಾಗುತ್ತಿದ್ದಿತು. ಆದುದು ನಡುಗಾಲ. ಭಾರವಾದ ತೋಪು ಹೊರಗೆ ಹೋಗದಷ್ಟು ಕೆಸರು, ಹಗುರವಾದ ಕುದುರೆಪಡೆ ಒಳಗೆ ಬರುವಷ್ಟು ಒಣನೆಲ. ಬಾಬಾಸಾಹೇಬನ ಕೈಗೆ ಎರೆಯು ಆಯುಧವನ್ನು ಉಳಿಸಿಕೊಟ್ಟಿತು, ಕಾಲವನ್ನು ಮಾತ್ರ ಕೊಡಲಿಲ್ಲ.

ಅದೇ ದಿನಗಳಲ್ಲಿ ಮುಂಡರಗಿಯ ಭೀಮರಾಯನು ಎದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆಯನ್ನು ಸೇರಿದ್ದನು. ದಕ್ಷಿಣ ಮಹಾರಾಷ್ಟ್ರದ ಪೊಲಿಟಿಕಲ್ ಏಜೆಂಟನಾಗಿದ್ದ ಚಾರ್ಲ್ಸ್ ಮ್ಯಾನ್ಸನ್ ನರಗುಂದವನ್ನು ಸಮಾಧಾನಪಡಿಸಲೆಂದು ಸಣ್ಣ ಬೆಂಗಾವಲಿನೊಡನೆ ಪಲ್ಲಕ್ಕಿಯಲ್ಲಿ ಹೊರಟು ರಾಮದುರ್ಗಕ್ಕೆ ಬಂದನು. ರಾಮದುರ್ಗದ ಭಾವೆಯವರು ನರಗುಂದದವರ ದಾಯಾದಿಗಳು, ಹೋಗಬೇಡವೆಂದು ಎಚ್ಚರಿಸಿದರು. ಅವನು ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನರು ಮೇಲೆ ಬಿದ್ದು ಅವನನ್ನು ಕೊಂದರು. ತಲೆಯನ್ನು ನರಗುಂದಕ್ಕೆ ತಂದು ಅಗಸೆಗೆ ಕಟ್ಟಿದರು. ಪಲ್ಲಕ್ಕಿಯ ವೇಗದಲ್ಲಿ ನಡೆಯುವವನನ್ನು ಕುದುರೆಯ ವೇಗ ಹಿಡಿಯಿತು.

ಜೂನ್ 1ಕ್ಕೆ ಕರ್ನಲ್ ಮಾಲ್ಕಮನ ಪಡೆ ನರಗುಂದದ ಎದುರಿಗೆ ಬಂದು ನಿಂತಿತು. ಬಾಬಾಸಾಹೇಬನ ಜನರು ಬಯಲಿಗಿಳಿದು ಕಾದಿದರು, ಸೋತರು, ಪೇಟೆ ಬಿದ್ದಿತು. ಮರುದಿನ ಇಂಗ್ಲಿಷ್ ಪಡೆ ಗುಡ್ಡ ಏರಿ ನೋಡಿದರೆ ಮೇಲೆ ಹೆಚ್ಚಿನವರು ಯಾರೂ ಇರಲಿಲ್ಲ. 1785ರಲ್ಲಿ ತಿಂಗಳುಗಟ್ಟಲೆ ತಡೆದ ಕೋಟೆ 1858ರಲ್ಲಿ ಒಂದು ರಾತ್ರಿಯನ್ನೂ ತಡೆಯಲಿಲ್ಲ. ಅದೇ ದಿನ ಪೊಲೀಸ್ ಅಧಿಕಾರಿ ಸೌಟರನು ತೊರಗಲ್ಲಿನ ಕಡೆಯ ಅಡವಿಯಲ್ಲಿ ಬಾಬಾಸಾಹೇಬನನ್ನು ಹಿಡಿದನು. ಬೆಳಗಾವಿಯಲ್ಲಿ ವಿಚಾರಣೆ, ಜೂನ್ 12ಕ್ಕೆ ಗಲ್ಲು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ರೋಹಿಣಿಯಲ್ಲಿ ಆರಂಭವಾದ ಕಥೆ ಮಿರಗದ ಮಳೆ ನೆಲೆಯೂರುವಷ್ಟರಲ್ಲಿ ಮುಗಿದುಹೋಯಿತು.

ಕೋಟೆ ಏಕೆ ನಿಲ್ಲಲಿಲ್ಲ? ಅಂಜಿದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಮೂರು ಕೊಂಡಿಗಳ ಲೆಕ್ಕ ಹಾಕಿರಿ. ಗುಡ್ಡದ ಮೇಲೆ ಕೋಟೆಯಿದ್ದಿತು; ಆದರೆ ಮುತ್ತಿಗೆ ತಡೆಯಲು ಬೇಕಾದ ಜೋಳ, ನೀರು, ಮದ್ದುಗಳನ್ನು ಮೇಲೇರಿಸಲು ವಾರಗಳು ಬೇಕು. ಬಂಡಾಯ ಆರಂಭವಾಗಿ ಮಾಲ್ಕಮನು ಬರುವಷ್ಟರಲ್ಲಿ ಸಂದವು ಕೆಲವೇ ದಿನಗಳು. ಹೊರಗಿನ ಸಹಾಯವೂ ಇರಲಿಲ್ಲ. ಭೀಮರಾಯನು ಜೂನ್ 1ಕ್ಕೇ ಕೊಪ್ಪಳದಲ್ಲಿ ಮಡಿದಿದ್ದನು. ಬೇರೆ ಸಂಸ್ಥಾನಿಕರು ಎದ್ದು ಬರಲಿಲ್ಲ. ಮೆಟ್ಟಲು ಏರಲು ಕಠಿಣವಾಗಿದ್ದರೆ ಸಾಲದು; ಏರಿದ ಮೇಲೆ ಬದುಕಲು ಮೇಲೇನಾದರೂ ಇರಬೇಕು. ಬಾಬಾಸಾಹೇಬನ ಧೈರ್ಯವನ್ನು ನಾವು ಹೊಗಳುತ್ತೇವೆ, ಹೊಗಳಬೇಕು. ಆದರೆ ಧೈರ್ಯಕ್ಕೂ ದಾರಿ ಬೇಕೆಂಬುದನ್ನು ಆ ಗುಡ್ಡ ಇಂದಿಗೂ ಹೇಳುತ್ತ ನಿಂತಿದೆ. ಅವನ ಗ್ರಂಥಭಂಡಾರದ ಗತಿ ನೆನೆದರೆ ನನ್ನಂಥ ಪಂಡಿತನಿಗೆ ತೋಪುಗಳ ನಷ್ಟಕ್ಕಿಂತ ಅದೇ ಹೆಚ್ಚಿನದೆಂದು ತೋರುತ್ತದೆ.

ಮುಂದಿನ ಕಥೆ ಗಾಲಿಯದು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ವಿಲಾಯತಿಗೆ ಹೋಗದಂತಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ನಮ್ಮ ಎರೆಯ ಹತ್ತಿ ಬೇಕಾಯಿತು. ಅಂಡಿಗೆಗಳನ್ನು ಕುಮಟೆಯ, ಕಾರವಾರದ ಬಂದರುಗಳಿಗೆ ಇಳಿಸಲು ಘಟ್ಟದ ರಸ್ತೆಗಳ ಮೇಲೆ ಸರಕಾರದ ಗಮನ ಹೋಯಿತು. ತೋಪು ಸಾಗದ ಹಾದಿ ಹತ್ತಿಗಾಗಿ ಗಟ್ಟಿಯಾಗತೊಡಗಿತು. 1876ರಿಂದ 1878ರ ವರೆಗೆ ದೊಡ್ಡ ಬರ ಬಿದ್ದಾಗ ಇನ್ನೊಂದು ಸತ್ಯ ಕಣ್ಣಿಗೆ ಬಂದಿತು. ಕಾಳು ಬೇರೆಡೆ ಇದ್ದರೂ ತರುವ ಎತ್ತುಗಳಿಗೇ ಮೇವು ನೀರಿಲ್ಲ. ಎತ್ತು ಬಿದ್ದರೆ ಬಂಡಿ ನಿಂತಿತು. ಬಂಡಿ ನಿಂತರೆ ಮನುಷ್ಯ ಬಿದ್ದನು. ಮೇವು ತಿನ್ನದ ಎತ್ತು ಬೇಕೆಂದು ಸರಕಾರ ರೈಲನ್ನು ಯೋಚಿಸಿತು. ದಕ್ಷಿಣ ಮರಾಠಾ ರೈಲ್ವೆಯ ಹೊಟಗಿ-ಗದಗ ಹಾದಿ 1884ರಲ್ಲಿ ತೆರೆಯಿತು. ಅದು ಹೊಳೆಆಲೂರು, ಮಲ್ಲಾಪುರಗಳ ಮೇಲಿಂದ ಹಾಯ್ದಿತು. ಮಲ್ಲಾಪುರವೇ ರೋಣದವರ ಸ್ಟೇಶನ್ನು. ಗಜೇಂದ್ರಗಡ, ನರಗುಂದಗಳನ್ನು ಅದು ಮುಟ್ಟಲಿಲ್ಲ. ರೈಲು ಇಳಿದ ಮೇಲೆ ಮತ್ತೆ ಚಕ್ಕಡಿ, ಮತ್ತೆ ಎರೆ. ನಮ್ಮ ತಂದೆಯ ತಲೆಯ ಹಿರಿಯರು, ಮಳೆಗಾಲದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ಮೊದಲು ಹಾದಿ ಹೇಗಿದೆಯೆಂದು ಬಂದವರನ್ನೆಲ್ಲ ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಇದೇ ನಮ್ಮ ಊರ ಹಿಮವಾರ್ತೆ: "ಹಳ್ಳ ಬಂದೈತೇನು? ಎರಿ ಆರೇತೇನು?"

ಈಗ ನರಗುಂದದ ಬುಡದಲ್ಲಿಯೇ ಹುಬ್ಬಳ್ಳಿ-ವಿಜಾಪುರದ ಹೆದ್ದಾರಿ ಹಾಯ್ದಿದೆ. ಮಲಪ್ರಭೆಯ ಕಾಲುವೆ ಬಂದಿದೆ. 1997ರಲ್ಲಿ ಗದಗ ಜಿಲ್ಲೆಯಾಯಿತು. ಆ ಬಳಿಕ ಗಜೇಂದ್ರಗಡವೂ ತಾಲೂಕಾಯಿತು. ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಸುತ್ತುತ್ತಿವೆ. ಅವುಗಳ ಉದ್ದುದ್ದ ಅಲಗುಗಳನ್ನು ಹೊತ್ತ ಲಾರಿಗಳು ತಿರುವಿನಲ್ಲಿ ಮೆಲ್ಲಗೆ ಹೊರಳುವಾಗ ಅಕ್ಕಪಕ್ಕದ ಜನ ನಿಂತು ನೋಡುತ್ತಾರೆ. ನನಗೆ ಮಾತ್ರ ಎತ್ತು ಆನೆಗಳು ಎಳೆದ ತೋಪು ನೆನಪಾಗುತ್ತದೆ. ಅಂದು ಗುಡ್ಡ ಏರಿದ್ದು ಬೆಂಕಿ ಕಾರುವ ಯಂತ್ರ, ಇಂದು ಏರಿದ್ದು ದೀಪ ಹಚ್ಚುವ ಯಂತ್ರ. ನೀವು ಈ ಬಾನುಲಿಯನ್ನು ಕೇಳುವಾಗ ಅದರ ಒಳಗಿನ ವಿದ್ಯುತ್ತು ಒಂದಿಷ್ಟು ಆ ಗುಡ್ಡದ ಗಾಳಿಯದೂ ಇರಬಹುದು.

ತೂಗುದಾರಿಯ ಮಾತೂ ನಮ್ಮ ದೇಶಕ್ಕೆ ಹೊಸದಲ್ಲ. ಕಾಶ್ಮೀರದ ಗುಲ್ಮರ್ಗದಲ್ಲಿ ಹಿಮದ ಮೇಲೆ ಜಾರುವವರಿಗಾಗಿ 1998ರಲ್ಲಿ ತೂಗುತೊಟ್ಟಿಲು ಆರಂಭವಾಯಿತು. ಶಿವಾಜಿಯ ರಾಯಗಡಕ್ಕೆ 1996ರಿಂದ ತೂಗುದಾರಿಯಿದೆ. ಸಾವಿರಕ್ಕೆ ಮಿಕ್ಕಿದ ಮೆಟ್ಟಲನ್ನು ಏರಲಾರದ ಮುದುಕರು ಕೆಲವೇ ನಿಮಿಷಗಳಲ್ಲಿ ಮೇಲೆ ಹೋಗಿ ಸಮಾಧಿಗೆ ಕೈಮುಗಿದು ಬರುತ್ತಾರೆ. ನಮ್ಮ ನಂದಿಬೆಟ್ಟದ ತೂಗುದಾರಿಗೆ 2023ರಲ್ಲಿ ಶಂಕುಸ್ಥಾಪನೆಯಾಯಿತು. ಹೀಗಿರಲು, ನರಗುಂದಕ್ಕೂ ಒಂದು ಬೇಡವೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಮೊಣಕಾಲು ನೋಯುವ ನನಗೆ ಬೇಡವೆನ್ನಲು ಬಾಯಿ ಬಾರದು. ಆದರೆ ಮೂರು ಕೊಂ‌ಡಿಗಳ ಮಾತನ್ನು ಅವರಿಗೂ ಹೇಳುತ್ತೇನೆ. ಮೇಲಕ್ಕೆ ಒಯ್ಯುವ ಹಗ್ಗವೊಂದೇ ಸಾಲದು. ಮೇಲೆ ಹೋದವರಿಗೆ ನೋಡಲು ಏನು ಉಳಿದಿದೆ? ಕುಸಿದ ಗೋಡೆ, ಹೂಳಿದ ಕೊಳ, ಮುಳ್ಳುಕಂಟಿ. ಹಿಮವಿಲ್ಲದ ಬೆಟ್ಟಕ್ಕೆ ಕುರ್ಚಿ ಹಾಕಿದಂತೆ, ನೆನಪಿಲ್ಲದ ಕೋಟೆಗೆ ತೂಗುದಾರಿ ಹಾಕಿದರೆ ಫಲವೇನು? ಮೊದಲು ಕೊಳಗಳ ಹೂಳು ತೆಗೆಯಲಿ, ಬಿದ್ದ ಗೋಡೆಯನ್ನು ಎತ್ತಿ ನಿಲ್ಲಿಸಲಿ, ಇಲ್ಲಿ ಯಾರು ನಿಂತಿದ್ದರು, ಯಾರು ಕಲ್ಲು ಹೊತ್ತರು, ಯಾವ ಮಳೆಯಲ್ಲಿ ಏನಾಯಿತು ಎಂದು ಕನ್ನಡದಲ್ಲಿ ಬರೆದ ಫಲಕ ನೆಡಲಿ. ಆಮೇಲೆ ಹಗ್ಗ ಬಂದರೆ ಬರಲಿ.

ಒಮ್ಮೆ ಶ್ರಾವಣದಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಆ ಗುಡ್ಡ ಏರಿದ್ದೆನು. ಕೆಳಗಿನ ಹೊಲದಲ್ಲಿ ಎರಡು ಫರ್ಲಾಂಗು ನಡೆಯುವಷ್ಟರಲ್ಲಿಯೇ ಮಕ್ಕಳ ಚಪ್ಪಲಿಗಳು ಕೈಗೆ ಬಂದಿದ್ದವು. ಮೇಲೆ ಹೋಗಿ ನಿಂತು ನೋಡಿದರೆ ನಾಲ್ಕೂ ದಿಕ್ಕಿಗೆ ಕಪ್ಪು ಬಯಲು, ಅದರ ಮೇಲೆ ಮೋಡದ ನೆರಳು. ಒಬ್ಬ ಹುಡುಗನು ತನ್ನ ಕಾಲಿನ ಮಣ್ಣನ್ನು ಕಲ್ಲಿಗೆ ಒರಸುತ್ತ ಕೇಳಿದನು: "ಸರ್ರ, ಈ ಮಣ್ಣಾಗ ತೋಪು ಹೆಂಗ ಎಳದ್ರೀ?" ನಾನು ಒಂದು ವರ್ಷ ಪಾಠ ಹೇಳಿದರೂ ಹುಟ್ಟದ ಪ್ರಶ್ನೆ ಎರಡು ಫರ್ಲಾಂಗು ಎರೆಯಲ್ಲಿ ಹುಟ್ಟಿತು.

ಆದುದರಿಂದ ವಾಚಕರೇ, ನಿಮ್ಮಲ್ಲಿ ಕಾಲುಬಲವಿದ್ದವರು ಒಮ್ಮೆ ಆ ಗುಡ್ಡಗಳನ್ನು ಕಾಲ್ನಡಿಗೆಯಿಂದಲೇ ಏರಿರಿ. ದಸರೆ ಕಳೆದ ಮೇಲೆ ಹೋದರೆ ಹಾದಿ ಒಣಗಿರುತ್ತದೆ. ಹೋಗುವಾಗ ಮಕ್ಕಳನ್ನು ಕರೆದುಕೊಂಡು ಹೋಗಿರಿ, ಒಂದು ತಂಬಿಗೆ ನೀರು ಜೊತೆಗಿರಲಿ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಹತ್ತಿರದ ಬೆಟ್ಟ ಎಷ್ಟು ಒರಟೆಂಬುದನ್ನು ಅಂಗಾಲಿನಿಂದ ತಿಳಿಯುವುದು ಇನ್ನೂ ಉಳಿದಿದೆ.